ಮೂರರ ಕ್ರೋಮಿಯಂ, ಆರರ ಕ್ರೋಮಿಯಂ: ಚೆನ್ನೈ ಚರ್ಮದ ಲೆಕ್ಕ

ಒಂದು ಟನ್ ಹಸಿ ಚರ್ಮವನ್ನು ಕ್ರೋಮ್ ವಿಧಾನದಲ್ಲಿ ಹದ ಮಾಡಲು ಸುಮಾರು 80 ಕಿಲೋ ಕ್ರೋಮ್ ಸಲ್ಫೇಟ್ ಬೇಕು. ಅದರಲ್ಲಿ ಕ್ರೋಮಿಯಂ ಆಕ್ಸೈಡ್ ಶೇ 25. ಲೋಹವಾಗಿ ಎಣಿಸಿದರೆ 13.7 ಕಿಲೋ. ಚರ್ಮ ಹೀರುವುದು ಶೇ 60ರಷ್ಟು. ಉಳಿದ 5.5 ಕಿಲೋ ನೀರಿನ ಪಾಲು.

ಜಲಮೂಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ ಮೀರುವಂತಿಲ್ಲ. 5.5 ಕಿಲೋವನ್ನು ಬರೀ ನೀರು ಬೆರೆಸಿ ಆ ಮಟ್ಟಕ್ಕೆ ಇಳಿಸುವುದಾದರೆ 27.5 ಲಕ್ಷ ಲೀಟರ್ ಬೇಕು. 12,000 ಲೀಟರಿನ ಟ್ಯಾಂಕರಿನಲ್ಲಿ ಅದು ಸುಮಾರು 230 ಲೋಡು; ಬೇಸಿಗೆಯ ಚೆನ್ನೈನಲ್ಲಿ ಆಡುವ ಮಾತಲ್ಲ. ಚರ್ಮ ಶೇ 90ರಷ್ಟು ಹೀರುವಂತೆ ಮಾಡಿದರೆ ನೀರಿಗೆ ಉಳಿಯುವುದು 1.4 ಕಿಲೋ, ಅಂದರೆ ಕಾಲು ಪಾಲು.

ಮದ್ರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ 1903ರಲ್ಲಿ ಶುರುವಾಯಿತು. ಅದರ ಹಿಂದಿದ್ದ ಆಲ್ಫ್ರೆಡ್ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದರು. ಚೆನ್ನೈನ ಕ್ರೋಂಪೇಟೆಯ ಹೆಸರಿನಲ್ಲಿ ಇಂದಿಗೂ ಈ ಲೋಹವಿದೆ.

ತ್ಯಾಜ್ಯನೀರಿನ ಮಾನದಂಡದಲ್ಲಿ ಇನ್ನೊಂದು ಅಂಕಿ ಇದೆ: ಲೀಟರಿಗೆ 0.1 ಮಿಲಿಗ್ರಾಂ. ಒಟ್ಟು ಮಿತಿಗಿಂತ 20 ಪಟ್ಟು ಬಿಗಿಯಾದ ಇದು ಆರು ಎಲೆಕ್ಟ್ರಾನ್ ಕಳೆದುಕೊಂಡ ಕ್ರೋಮಿಯಂಗೆ. ಹದ ಮಾಡಲು ಬಳಸುವುದು ಮೂರು ಕಳೆದುಕೊಂಡದ್ದು. 1990ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆರರದನ್ನು ಖಚಿತ ಕ್ಯಾನ್ಸರ್‌ಕಾರಕಗಳ 1ನೇ ಗುಂಪಿಗೂ, ಮೂರರದನ್ನು ವರ್ಗೀಕರಿಸಲಾಗದ 3ನೇ ಗುಂಪಿಗೂ ಹಾಕಿತು.

ಆರರ ಕ್ರೋಮಿಯಂನ ರೂಪ ಸಲ್ಫೇಟಿನ ಆಕಾರವನ್ನು ಹೋಲುವುದರಿಂದ ಅದು ಸಲ್ಫೇಟ್ ಹೋಗುವ ದಾರಿಯಲ್ಲೇ ಜೀವಕೋಶಕ್ಕೆ ನುಗ್ಗುತ್ತದೆ. ಒಳಗೆ ವಿಟಮಿನ್ ಸಿ ಅದನ್ನು ಐದು, ನಾಲ್ಕು, ಮೂರಕ್ಕೆ ಇಳಿಸುತ್ತದೆ. ಈ ಇಳಿತದಲ್ಲೇ ಡಿಎನ್‌ಎ ಎಳೆ ತುಂಡಾಗಬಹುದು. ಕೊನೆಗೆ ಉಳಿದ ಮೂರರದು ಅದರ ಫಾಸ್ಫೇಟಿಗೂ ಗ್ವಾನಿನ್‌ಗೂ ಅಂಟುತ್ತದೆ.

ಹೊರಗಿನ ಮೂರರ ಕ್ರೋಮಿಯಂಗೆ ಆ ದಾರಿ ಸುಲಭವಲ್ಲ. ಅದರ ಸುತ್ತ 6 ನೀರಿನ ಅಣುಗಳಿರುತ್ತವೆ. ಅವುಗಳಲ್ಲಿ ಅರ್ಧದಷ್ಟು ಬದಲಾಗಲು 25 ಡಿಗ್ರಿಯಲ್ಲಿ ಸುಮಾರು 80 ಗಂಟೆ ಹಿಡಿಯುತ್ತದೆ. ತಾಮ್ರಕ್ಕೆ ಸೆಕೆಂಡಿನ ಕೋಟಿಯಲ್ಲೊಂದು ಪಾಲೂ ಬೇಡ.

ಆದರೆ ಆ ನೀರಿನ ಜಾಗದಲ್ಲಿ ಬೇರೆ ಅಣು ಕೂತರೆ? ಲೋಹವನ್ನು ಸುತ್ತುವರಿದು ಹಿಡಿಯುವ ಇಂಥ ಅಣುವಿಗೆ ಲಿಗ್ಯಾಂಡ್ ಎನ್ನುತ್ತಾರೆ. ಎರಡೂ ಸೇರಿದ್ದು ಲೋಹ ಸಂಕೀರ್ಣ. 1948ರಲ್ಲಿ ಸ್ಥಾಪನೆಯಾದ, ಅಡಯಾರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಬಾಲಚಂದ್ರನ್ ಉಣ್ಣಿ ನಾಯರ್ ಅವರ ತಂಡ ಶಿಫ್ ಬೇಸ್ ಎಂಬ ಲಿಗ್ಯಾಂಡ್ ತೊಡಿಸಿದ ಮೂರರ ಕ್ರೋಮಿಯಂ ಡಿಎನ್‌ಎಗೆ ಅಂಟುವುದನ್ನು ಅಧ್ಯಯನ ಮಾಡಿತು. ಕ್ರೋಮಿಯಂ ಸಂಕೀರ್ಣವೊಂದು ಡಿಎನ್‌ಎಯನ್ನು ಕತ್ತರಿಸುವುದನ್ನು 2000ದಲ್ಲಿ ಪ್ರಕಟಿಸಿತು. ಇದು ಪ್ರಯೋಗಾಲಯದ ಫಲಿತಾಂಶ. ಹದದ ನೀರೂ ಹೀಗೇ ಮಾಡುತ್ತದೆ ಎಂದು ಓದಿಕೊಳ್ಳಬಾರದು. ಮೂರರದು ನಿರಪಾಯಿ ಎಂದು ಲಿಗ್ಯಾಂಡ್ ನೋಡದೆ ಹೇಳಲಾಗದು ಎಂಬಷ್ಟು ಮಾತ್ರ ಇದರಿಂದ ಸಿದ್ಧ.

ತ್ಯಾಜ್ಯನೀರಿನ ಮಾನದಂಡದಲ್ಲಿ ಕ್ರೋಮಿಯಂಗೆ ಇರುವುದು ಎರಡೇ ಸಾಲು: ಒಟ್ಟು 2, ಆರರದು 0.1. ಲಿಗ್ಯಾಂಡಿಗೆ ಸಾಲಿಲ್ಲ.