ಮೂವತ್ತು ವರ್ಷ ಬೀಗದೊಳಗಿದ್ದ ಸಾವು

1975ನೆಯ ಆಗಸ್ಟ್ 6ರಂದು ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯನ್ನು ಬಿಡಿಸಿದವರಿಗೆ ಮುಖಪುಟದಲ್ಲಿಯೇ ಒಂದು ಮರಣವಾರ್ತೆ ಕಾಣಿಸಿತು. ತೀರಿಕೊಂಡವನು ಬೆಲ್ಜಿಯಂ ದೇಶದ ಹೆಸರಾಂತ ಪತ್ತೇದಾರ ಹರ್ಕ್ಯೂಲ್ ಪ್ವಾರೊ. ಮಂತ್ರಿಗಳಿಗೂ ಸೇನಾಪತಿಗಳಿಗೂ ಸಲ್ಲುವ ಗೌರವ ಅವನಿಗೆ ಸಂದಿತ್ತು. ವಿಚಿತ್ರವೆಂದರೆ, ಆ ಮನುಷ್ಯ ಭೂಮಿಯ ಮೇಲೆ ಎಂದೂ ಹುಟ್ಟಿದವನಲ್ಲ. ಅವನು ಹುಟ್ಟಿದ್ದು, ಬೆಳೆದದ್ದು, ಮೀಸೆ ತಿರುವಿದ್ದು ಎಲ್ಲವೂ ಅಗಾಥಾ ಕ್ರಿಸ್ಟಿ ಎಂಬ ಇಂಗ್ಲಿಷ್ ಲೇಖಕಿಯ ಕಾಗದದ ಮೇಲೆ.

ಇನ್ನೂ ವಿಚಿತ್ರವಾದ ಸಂಗತಿಯೊಂದುಂಟು. ಜಗತ್ತಿಗೆ ಆ ದಿನ ತಿಳಿದ ಸಾವು ಅದಕ್ಕೆ ಮೂವತ್ತು ವರ್ಷಕ್ಕೂ ಹಿಂದೆಯೇ ನಡೆದುಹೋಗಿತ್ತು. ಅಷ್ಟು ಕಾಲವೂ ಅದು ಬ್ಯಾಂಕಿನ ಭದ್ರ ಕೋಣೆಯಲ್ಲಿ, ಬೀಗದ ಹಿಂದೆ, ಹಸ್ತಪ್ರತಿಯಾಗಿ ಮಲಗಿತ್ತು. ಆ ಹಸ್ತಪ್ರತಿಯೇ ‘ಕರ್ಟನ್’, ಎಂದರೆ ತೆರೆ. ನಾಟಕ ಮುಗಿದಾಗ ಇಳಿಯುವ ತೆರೆ.

ಔಷಧಾಲಯದಲ್ಲಿ ಹುಟ್ಟಿದ ಪತ್ತೇದಾರ

ಪ್ವಾರೊನ ಜನ್ಮವೃತ್ತಾಂತ ಮೊದಲನೆಯ ಮಹಾಯುದ್ಧದ ಕಾಲದ್ದು. ಡೆವನ್ ಪ್ರಾಂತದ ಟಾರ್ಕಿ ಪಟ್ಟಣದಲ್ಲಿ 1890ರಲ್ಲಿ ಹುಟ್ಟಿದ ಅಗಾಥಾ, ಯುದ್ಧದ ವರ್ಷಗಳಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದಳು. ಬಳಿಕ ಔಷಧ ವಿತರಣೆಯ ಕೆಲಸಕ್ಕೆ ಬಂದಳು. ಸೀಸೆಗಳಲ್ಲಿ ಸಾಲಾಗಿ ನಿಂತ ವಿಷಗಳ ನಡುವೆ ಬಿಡುವು ಸಿಕ್ಕಾಗ ಒಂದು ಕೊಲೆಯ ಕಥೆ ಆಕೆಯ ಮನಸ್ಸಿನಲ್ಲಿ ಕಟ್ಟಿಕೊಂಡಿತು. ಊರಿನಲ್ಲಿ ಆಗ ಜರ್ಮನರ ದಾಳಿಗೆ ಮನೆಮಠ ಕಳೆದುಕೊಂಡು ಬಂದ ಬೆಲ್ಜಿಯಂ ನಿರಾಶ್ರಿತರಿದ್ದರು. ಕಥೆಯ ಪತ್ತೇದಾರನೂ ಅಂಥ ಒಬ್ಬ ನಿರಾಶ್ರಿತನೇ, ನಿವೃತ್ತ ಪೊಲೀಸ್ ಅಧಿಕಾರಿಯೇ ಏಕಾಗಬಾರದು? ಮೊಟ್ಟೆಯಾಕಾರದ ತಲೆ, ನಾಜೂಕಾದ ಮೀಸೆ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ, ತನ್ನ ಬುದ್ಧಿಯ ಮೇಲೆ ತನಗೇ ಅಪಾರ ಅಭಿಮಾನ: ಪ್ವಾರೊ ಹೀಗೆ ಮೈತಳೆದ.

1916ರಲ್ಲಿ ಬರೆದ ಆ ಕಾದಂಬರಿಯನ್ನು ಹಲವು ಪ್ರಕಾಶಕರು ಹಿಂದಕ್ಕೆ ಕಳುಹಿಸಿದರು. ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಎಂಬ ಹೆಸರಿನಲ್ಲಿ ಅದು ಬೆಳಕು ಕಂಡದ್ದು 1920ರಲ್ಲಿ. ಸ್ಟೈಲ್ಸ್ ಎಂಬುದು ಎಸೆಕ್ಸ್ ಪ್ರಾಂತದ ಒಂದು ಹಳ್ಳಿಮನೆ. ಅಲ್ಲಿಯ ಒಡತಿಯನ್ನು ಸ್ಟ್ರಿಕ್ನಿನ್ ವಿಷ ಕೊಂದಿತ್ತು. ರಣರಂಗದಿಂದ ಗಾಯಗೊಂಡು ಬಂದ ಹೇಸ್ಟಿಂಗ್ಸ್ ಎಂಬ ಸರಳಹೃದಯಿ ಕಥೆಯನ್ನು ಹೇಳಿದ. ಕಥೆಯಲ್ಲಿ ವಿಷದ ವಿವರ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಔಷಧ ವ್ಯಾಪಾರಿಗಳ ವೃತ್ತಿಪತ್ರಿಕೆಯೇ ಅದನ್ನು ಹೊಗಳಿತು.

ಅಲ್ಲಿಂದ ಮುಂದೆ ಪ್ವಾರೊ ನಿಲ್ಲಲಿಲ್ಲ. 33 ಕಾದಂಬರಿಗಳು, 50ಕ್ಕೂ ಹೆಚ್ಚು ಕಥೆಗಳು! ಸೃಷ್ಟಿಕರ್ತೆಗೆ ಮಾತ್ರ ಅವನು ಬರಬರುತ್ತ ಬೇಸರ ತರಿಸಿದ. ಮೊದಲ ಪುಸ್ತಕದಲ್ಲಿಯೇ ಅವನನ್ನು ನಿವೃತ್ತನನ್ನಾಗಿ ಮಾಡಿದ್ದು ದೊಡ್ಡ ತಪ್ಪೆಂದು ಆಕೆ ಮುಂದೆ ಒಪ್ಪಿಕೊಂಡಳು. ಲೆಕ್ಕ ಹಾಕಿದರೆ ಅವನಿಗೆ ನೂರು ವರ್ಷ ಮೀರಬೇಕಾಗಿತ್ತು. ತನ್ನ ಕಾದಂಬರಿಗಳಲ್ಲಿ ಆಕೆ ಅರಿಯಾಡ್ನಿ ಆಲಿವರ್ ಎಂಬ ಪತ್ತೇದಾರಿ ಲೇಖಕಿಯ ಪಾತ್ರವೊಂದನ್ನು ತಂದಳು. ಆ ಮಹಿಳೆಗೆ ತಾನು ಸೃಷ್ಟಿಸಿದ ಫಿನ್ಲೆಂಡಿನ ಪತ್ತೇದಾರನನ್ನು ಕಂಡರೆ ಮೈಯುರಿ. ಆದರೆ ಓದುಗರು ಅವನನ್ನು ಬಿಡಲೊಲ್ಲರು. ಈ ಹಾಸ್ಯದ ಹಿಂದಿದ್ದ ನಿಟ್ಟುಸಿರು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಬಾಂಬುಗಳ ಕೆಳಗೆ ಬರೆದ ಅಂತ್ಯ

ಜನಪ್ರಿಯ ಪತ್ತೇದಾರನನ್ನು ಕೊಲ್ಲುವುದು ಸುಲಭವಲ್ಲ. 1893ರಲ್ಲಿ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸನನ್ನು ಸ್ವಿಟ್ಜರ್‌ಲೆಂಡಿನ ಜಲಪಾತಕ್ಕೆ ನೂಕಿದ. ಓದುಗರು ಸುಮ್ಮನಿರಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಡಾಯ್ಲ್ ಸೋತು, ಹೋಮ್ಸನನ್ನು ಬದುಕಿಸಿ ಕರೆತಂದ. ಕ್ರಿಸ್ಟಿ ಆ ಹಾದಿ ಹಿಡಿಯಲಿಲ್ಲ. ಆಕೆ ತನ್ನ ಪತ್ತೇದಾರನಿಗೆ ಮರಣವನ್ನು ಬರೆದಳು. ಆದರೆ ಅದನ್ನು ಯಾರಿಗೂ ತೋರಿಸದೆ ಇಟ್ಟಳು.

ಆಗ ಎರಡನೆಯ ಮಹಾಯುದ್ಧದ ಮೊದಲ ವರ್ಷಗಳು. ಲಂಡನ್ನಿನ ಮೇಲೆ ರಾತ್ರಿಯಿಡೀ ಬಾಂಬು ಬೀಳುತ್ತಿದ್ದ ಕಾಲ. ಷೆಫೀಲ್ಡ್ ಟೆರೇಸ್‌ನಲ್ಲಿದ್ದ ಆಕೆಯ ಮನೆಯೂ ಬಾಂಬಿನ ಏಟಿಗೆ ಸಿಕ್ಕಿತು. ಐವತ್ತರ ಅಂಚಿನಲ್ಲಿದ್ದ ಆಕೆ ಮತ್ತೆ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿಯುತ್ತಿದ್ದಳು. ಬೆಳಗಾಗುವ ಭರವಸೆ ಯಾರಿಗೂ ಇರಲಿಲ್ಲ. ತಾನು ಸತ್ತರೆ ಮನೆಯವರ ಗತಿಯೇನು ಎಂಬ ಯೋಚನೆ ಲೇಖಕಿಯನ್ನೂ ಕಾಡಿತು. ಇತರರು ಚಿನ್ನವನ್ನೋ ಹೊಲವನ್ನೋ ಬಿಟ್ಟುಹೋಗುತ್ತಾರೆ. ಆಕೆಯ ಬಳಿ ಇದ್ದ ಆಸ್ತಿ ಲೇಖನಿ. ಆದುದರಿಂದ ಎರಡು ಕಾದಂಬರಿಗಳನ್ನು ಬರೆದಿಟ್ಟಳು. ಮಿಸ್ ಮಾರ್ಪಲ್ ಎಂಬ ವೃದ್ಧ ಪತ್ತೇದಾರಿಣಿಯ ಕಥೆ ‘ಸ್ಲೀಪಿಂಗ್ ಮರ್ಡರ್’ ಪತಿ ಮ್ಯಾಕ್ಸ್ ಮ್ಯಾಲೊವನ್‌ನಿಗೆ. ಪ್ವಾರೊನ ಕೊನೆಯ ಕಥೆ ‘ಕರ್ಟನ್’ ಮಗಳು ರೊಸಾಲಿಂಡಳಿಗೆ. ಎರಡನ್ನೂ ದಾನಪತ್ರ ಮಾಡಿಸಿ, ನಾಶಕ್ಕೆ ವಿಮೆಯಿಳಿಸಿ, ಭದ್ರಪಡಿಸಿದಳು. ತನ್ನ ಶವಸಂಸ್ಕಾರ ಮುಗಿಸಿ ಮನೆಗೆ ಬಂದವರಿಗೆ ಒಂದೊಂದು ಪುಸ್ತಕ ಕೈಗೆ ಸಿಕ್ಕರೆ ಮನಸ್ಸು ಹಗುರಾದೀತು ಎಂಬ ವಿನೋದವೂ ಆಕೆಯದು.

ಮತ್ತೆ ಸ್ಟೈಲ್ಸ್‌ಗೆ

ಬೀಗದೊಳಗೆ ಸೇರಿದ ಆ ಕಥೆಯಾದರೂ ಎಂಥದು?

ಹೇಸ್ಟಿಂಗ್ಸ್ ಈಗ ಹೆಂಡತಿಯನ್ನು ಕಳೆದುಕೊಂಡವನು. ಹಳೆಯ ಗೆಳೆಯ ಪ್ವಾರೊನಿಂದ ಕರೆ ಬರುತ್ತದೆ: ಸ್ಟೈಲ್ಸ್‌ಗೆ ಬಾ. ಒಂದು ಕಾಲದಲ್ಲಿ ಇಬ್ಬರೂ ಕೂಡಿ ಮೊದಲ ಕೊಲೆಗಾರನನ್ನು ಹಿಡಿದ ಅದೇ ಮನೆ ಈಗ ಹಣ ಕೊಟ್ಟು ತಂಗುವ ಅತಿಥಿಗೃಹ. ಪ್ವಾರೊನನ್ನು ಕಂಡು ಹೇಸ್ಟಿಂಗ್ಸನ ಎದೆ ಹಿಂಡುತ್ತದೆ. ಸಂಧಿವಾತ ಅವನ ದೇಹವನ್ನು ಮುರುಟಿಸಿದೆ, ಗಾಲಿಕುರ್ಚಿಯೇ ಗತಿ, ಹೃದಯ ದುರ್ಬಲ. ಬುದ್ಧಿ ಮಾತ್ರ ಹಿಂದಿನಂತೆಯೇ ಹರಿತ.

ಪ್ವಾರೊ ಐದು ಹಳೆಯ ಪ್ರಕರಣಗಳನ್ನು ಗೆಳೆಯನ ಮುಂದಿಡುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಐದರ ಹಿಂದೆಯೂ ಒಬ್ಬನೇ ವ್ಯಕ್ತಿಯ ನೆರಳು ಬಿದ್ದಿದೆ. ಆ ವ್ಯಕ್ತಿಗೆ ಅವನು ‘ಎಕ್ಸ್’ ಎಂದಷ್ಟೇ ಹೆಸರಿಡುತ್ತಾನೆ. ಎಕ್ಸ್ ಈಗ ಈ ಮನೆಯಲ್ಲಿಯೇ ಇದ್ದಾನೆ. ಇಲ್ಲಿಯೂ ಒಂದು ಕೊಲೆ ನಡೆಯಲಿದೆ. ಯಾರವನು ಎಂದರೆ ಪ್ವಾರೊ ಹೇಳಲೊಲ್ಲ. ಹೇಸ್ಟಿಂಗ್ಸನ ಮುಖ ಗುಟ್ಟನ್ನು ಮುಚ್ಚಿಡಲಾರದೆಂದು ಅವನಿಗೆ ಗೊತ್ತು. ಅದೇ ಮನೆಯಲ್ಲಿ ಹೇಸ್ಟಿಂಗ್ಸನ ಮಗಳು ಜೂಡಿತಳೂ ಇದ್ದಾಳೆ. ಹಾಗಾಗಿ ತಂದೆಗೆ ಇದು ಬರಿಯ ಒಗಟಲ್ಲ.

ಕೊಲೆಯನ್ನು ಮೊದಲೇ ತಡೆಯುವುದು ಹೇಗೆ? ಬಲಿಯಾಗುವವನನ್ನು ಎಚ್ಚರಿಸೋಣವೆಂದರೆ ಅವನು ಯಾರೆಂದು ತಿಳಿಯದು. ಕೊಲೆಗಾರನನ್ನು ಬೆದರಿಸೋಣವೆಂದರೆ ತನ್ನ ಜಾಣ್ಮೆಯನ್ನು ನಂಬಿದವನು ಹೆದರಲಾರ. ನ್ಯಾಯಾಲಯಕ್ಕೆ ಎಳೆಯೋಣವೆಂದರೆ ಸಾಕ್ಷ್ಯವೇ ಇಲ್ಲ. ಈ ಪಾತಕ ಕಾನೂನಿನ ಬೊಗಸೆಯಲ್ಲಿ ನಿಲ್ಲುವಂಥದಲ್ಲ. ಕೊಲೆಯನ್ನು ತಾನೆಂದೂ ಒಪ್ಪುವುದಿಲ್ಲ ಎಂಬುದು ಪ್ವಾರೊನ ಬಾಳಿನ ಸೂತ್ರ. ಕಾನೂನು ಕೈಚೆಲ್ಲಿ ನಿಂತಾಗ ಆ ಸೂತ್ರವನ್ನು ಹಿಡಿದವನು ಏನು ಮಾಡಬೇಕು? ಮೂವತ್ತೆರಡು ಕಾದಂಬರಿಗಳಲ್ಲಿ ಇತರರ ಆತ್ಮಸಾಕ್ಷಿಯನ್ನು ಪರೀಕ್ಷಿಸಿದವನು ಇಲ್ಲಿ ತನ್ನ ಆತ್ಮಸಾಕ್ಷಿಯ ಮುಂದೆ ನಿಲ್ಲುತ್ತಾನೆ. ಅವನ ತೀರ್ಮಾನವನ್ನು ಇಲ್ಲಿ ಬಯಲು ಮಾಡುವುದು ಓದಲಿರುವವರಿಗೆ ದ್ರೋಹ. ಅವನು ಸತ್ತು ನಾಲ್ಕು ತಿಂಗಳಾದ ಮೇಲೆ ಹೇಸ್ಟಿಂಗ್ಸನ ಕೈಸೇರುವ ಬರಹವೊಂದು ಎಲ್ಲವನ್ನೂ ಬಿಡಿಸಿ ಹೇಳುತ್ತದೆ ಎಂದರೆ ಸಾಕು.

ಬೀಗ ತೆರೆದಾಗ

ಯುದ್ಧ ಮುಗಿಯಿತು, ಲೇಖಕಿ ಬದುಕಿ ಉಳಿದಳು. ಸತ್ತ ಪ್ವಾರೊ ಬೀಗದೊಳಗಿದ್ದರೆ, ಬದುಕಿದ್ದ ಪ್ವಾರೊ ಹೊರಗೆ ಹೊಸಹೊಸ ಕೊಲೆಗಾರರನ್ನು ಹಿಡಿಯುತ್ತಲೇ ಇದ್ದ. 1972ರ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ ಆಕೆ ಅವನಿಗಾಗಿ ಬರೆದ ಕಟ್ಟಕಡೆಯ ಕಾದಂಬರಿ. ಮರುವರ್ಷದ ‘ಪೋಸ್ಟರ್ನ್ ಆಫ್ ಫೇಟ್’ ಆಕೆ ಬರೆದ ಕೊನೆಯ ಕಾದಂಬರಿಯೇ ಆಯಿತು. ಎಂಬತ್ತು ದಾಟಿದ ಕೈಯ ಆಯಾಸ ಅದರಲ್ಲಿ ಎದ್ದು ಕಾಣುತ್ತಿತ್ತು. ಕಥೆಯ ಎಳೆಗಳು ಅಲ್ಲಲ್ಲಿ ಸಡಿಲವಾಗಿದ್ದವು. 1974ರಲ್ಲಿ ಹೊಸ ಕಾದಂಬರಿ ಬರಲಿಲ್ಲ. ಪ್ವಾರೊನ ಹಳೆಯ ಕಥೆಗಳ ಸಂಗ್ರಹವಷ್ಟೇ ಹೊರಬಂತು. ಅದೇ ವರ್ಷ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಚಲನಚಿತ್ರ ತೆರೆಕಂಡು, ಜನ ಪ್ವಾರೊನಿಗಾಗಿ ಮತ್ತೆ ಹಂಬಲಿಸಿದರು. ಆಗ ಪ್ರಕಾಶಕರಾದ ಕಾಲಿನ್ಸ್ ಸಂಸ್ಥೆಯವರ ಒತ್ತಾಯಕ್ಕೆ ಮಣಿದು, ಆಕೆ ಬೀಗ ತೆರೆಯಲು ಒಪ್ಪಿದಳು. 1975ರ ಸೆಪ್ಟೆಂಬರಿನಲ್ಲಿ ‘ಕರ್ಟನ್’ ಓದುಗರ ಕೈಸೇರಿತು.

ಸಾಮಾನ್ಯವಾಗಿ ದೀರ್ಘ ಮಾಲೆಯ ಕೊನೆಯ ಪುಸ್ತಕ ಬರೆದವರ ಶಕ್ತಿಯೂ ಉಡುಗಿದ ಹೊತ್ತಿನದು. ಪಾತ್ರದ ಜೊತೆ ಲೇಖನಿಯೂ ಮುಪ್ಪಾಗಿರುತ್ತದೆ. ಇಲ್ಲಿ ಹಾಗಾಗಲಿಲ್ಲ. ಪ್ವಾರೊನ ಮುಪ್ಪನ್ನೂ ಸಾವನ್ನೂ ಬರೆದದ್ದು ಐವತ್ತರ ತುಂಬು ಶಕ್ತಿಯ ಕೈ. ಕುಣಿಕೆಗಳು ಬಿಗಿಯಾಗಿವೆ, ಕರುಣೆಯೂ ಗಟ್ಟಿಯಾಗಿದೆ. ತನ್ನ ಕೈ ನಡುಗುವ ದಿನ ಬಂದೇ ಬರುತ್ತದೆಂದು ಅರಿತು, ಅದಕ್ಕೆ ಮುಂಚೆಯೇ ಆ ಗೆಳೆಯನಿಗೆ ತಕ್ಕ ವಿದಾಯವನ್ನು ಎತ್ತಿಟ್ಟಂತಾಗಿತ್ತು.

ಆ ವರ್ಷದ ಚಳಿಗಾಲ ಕಳೆಯುವ ಮುನ್ನವೇ, 1976ರ ಜನವರಿ 12ರಂದು, ವಾಲಿಂಗ್‌ಫರ್ಡ್ ಬಳಿಯ ತನ್ನ ಮನೆಯಲ್ಲಿ ಅಗಾಥಾ ಕ್ರಿಸ್ಟಿ ಕಣ್ಣುಮುಚ್ಚಿದಳು. ಅದೇ ವರ್ಷ ‘ಸ್ಲೀಪಿಂಗ್ ಮರ್ಡರ್’ ಪ್ರಕಟವಾಯಿತು. ಪತಿಗಾಗಿ ಇಟ್ಟ ಪುಸ್ತಕ ಆಕೆ ಎಣಿಸಿದಂತೆ ಆಕೆಯ ಸಾವಿನ ನಂತರ ಬಂದಿತು. ಮಗಳಿಗಾಗಿ ಇಟ್ಟದ್ದು ಮಾತ್ರ ನಾಲ್ಕು ತಿಂಗಳು ಮೊದಲೇ ಹೊರಬಂದು, ತಾಯಿಯ ಕಣ್ಣೆದುರಿನಲ್ಲಿಯೇ ಓದುಗರ ಮನೆಗಳನ್ನು ಸೇರಿತ್ತು.