ಮಣ್ಣಿಲ್ಲದ ಗಿಡ ಹೇಳುವ ನಾಡಿನ ಕಥೆ

ಜಪಾನಿನ ಒಸಾಕಾ ನಗರದ ಕಲಾ ಸಂಗ್ರಹಾಲಯದಲ್ಲಿ 1306ರ ಚೀನೀ ಚಿತ್ರವೊಂದಿದೆ. ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬಿಡಿಸಿದ ಆರ್ಕಿಡ್ ಗಿಡವದು. ನೀಳವಾದ ಎಲೆಗಳಿವೆ, ಹೂವಿದೆ. ಬೇರೂರಲು ನೆಲ ಮಾತ್ರ ಇಲ್ಲ. ಇದು ಕಲಾವಿದನ ಮರೆವಲ್ಲ, ಪ್ರತಿಭಟನೆ ಎಂದೇ ಶತಮಾನಗಳಿಂದ ಅರ್ಥೈಸಲಾಗಿದೆ.

ಪೂರ್ವ ಏಷ್ಯಾದ ಚಿತ್ರಕಲೆಯಲ್ಲಿ ಗಿಡಮರಗಳು ಬರಿಯ ಅಲಂಕಾರವಲ್ಲ. ವಸಂತಕ್ಕೆ ಆರ್ಕಿಡ್, ಬೇಸಿಗೆಗೆ ಬಿದಿರು, ಶರತ್ಕಾಲಕ್ಕೆ ಸೇವಂತಿಗೆ, ಚಳಿಗಾಲಕ್ಕೆ ಪ್ಲಮ್ ಹೂವು ಎಂಬ ಕ್ರಮವಿದೆ. ಈ ನಾಲ್ಕನ್ನೂ ಒಟ್ಟಾಗಿ ‘ನಾಲ್ವರು ಸಜ್ಜನರು’ ಎನ್ನುತ್ತಾರೆ. ಗಾಳಿಗೆ ಬಾಗಿದರೂ ಮುರಿಯದ ಬಿದಿರು ಸ್ಥೈರ್ಯದ ಸಂಕೇತ. ಉಳಿದ ಹೂಗಳು ಬಾಡಿದ ಮೇಲೆ ಅರಳುವ ಸೇವಂತಿಗೆ, ಕೊರೆಯುವ ಚಳಿಯಲ್ಲೇ ಬಿರಿಯುವ ಪ್ಲಮ್ ಸಹನೆಯನ್ನು ಸೂಚಿಸುತ್ತವೆ. ಯಾರೂ ಸುಳಿಯದ ಕಣಿವೆಯಲ್ಲಿ ಕಂಪು ಸೂಸುವ ಆರ್ಕಿಡ್, ಮನ್ನಣೆ ಬಯಸದ ಸಜ್ಜನಿಕೆಯ ಪ್ರತೀಕ.

ಈ ಚಿತ್ರ ರಚಿಸಿದ ಝೆಂಗ್ ಸಿಶಿಯಾವೊ (1241–1318) ಸಾಂಗ್ ರಾಜವಂಶಕ್ಕೆ ನಿಷ್ಠರಾಗಿದ್ದ ವಿದ್ವಾಂಸರು. 1279ರಲ್ಲಿ ಮಂಗೋಲರು ಆ ರಾಜ್ಯವನ್ನು ಸಂಪೂರ್ಣವಾಗಿ ವಶಪಡಿಸಿಕೊಂಡರು. ಹೊಸ ಅರಸರ ಸೇವೆಗೆ ಝೆಂಗ್ ಸೇರಲಿಲ್ಲ. ಮಣ್ಣನ್ನೇಕೆ ಬಿಡಿಸಿಲ್ಲವೆಂದು ಕೇಳಿದವರಿಗೆ, ನೆಲವನ್ನು ಪರಕೀಯರು ಕದ್ದೊಯ್ದದ್ದು ತಿಳಿಯದೇ ಎಂದು ಅವರು ಮರುಪ್ರಶ್ನೆ ಹಾಕಿದರೆಂಬ ಪ್ರತೀತಿಯಿದೆ.

ಮಲೆನಾಡಿನ ಮರಗಳ ಮೇಲೆ ಸೀತಾಳೆ ಹೂವನ್ನು ಕಂಡವರಿಗೆ ಮಣ್ಣಿಲ್ಲದ ಆರ್ಕಿಡ್ ಸೋಜಿಗವೆನಿಸದು. ಆದರೆ ಚೀನಾದ ವಿದ್ವಾಂಸರು ಮೆಚ್ಚಿ ಚಿತ್ರಿಸುತ್ತಿದ್ದುದು ನೆಲದಲ್ಲಿ ಬೆಳೆಯುವ ಜಾತಿಯನ್ನು. ಆದ್ದರಿಂದಲೇ ಅಲ್ಲಿನವರಿಗೆ ಆ ಖಾಲಿ ಜಾಗ ಎದ್ದುಕಂಡಿತು.

ಈ ಸಂಕೇತ ಗಡಿಯನ್ನೂ ದಾಟಿತು. 1883ರಲ್ಲಿ ಅಮೆರಿಕಕ್ಕೆ ತೆರಳಿದ ಕೊರಿಯಾದ ಮೊದಲ ನಿಯೋಗದ ಮುಖ್ಯಸ್ಥರಾಗಿದ್ದ ಮಿನ್ ಯಂಗ್ ಇಕ್ (1860–1914) ಮುಂದೆ ಚೀನಾದ ಶಾಂಘೈನಲ್ಲಿ ದೇಶಭ್ರಷ್ಟರಾಗಿ ಬಾಳಿದರು. 1910ರಲ್ಲಿ ಜಪಾನ್ ಕೊರಿಯಾವನ್ನು ತನ್ನಲ್ಲಿ ವಿಲೀನಗೊಳಿಸಿತು. ಬೇರುಗಳು ಬಯಲಾಗಿ ನಿಂತಿರುವ ಅವರ ಆರ್ಕಿಡ್ ಚಿತ್ರವನ್ನು ಕೊರಿಯನ್ನರು ನಾಡು ಕಳೆದುಕೊಂಡವರ ನೋವೆಂದೇ ಕಾಣುತ್ತಾರೆ.

ಆಳುವವರ ವಿರುದ್ಧ ಬಹಿರಂಗವಾಗಿ ಬರೆಯುವುದು ಅಪಾಯಕರವಾಗಿದ್ದ ಕಾಲದಲ್ಲಿ ವಸಂತದ ಹೂವಿನ ಚಿತ್ರಕ್ಕೆ ಅಡ್ಡಿಯಿರಲಿಲ್ಲ. ತಿಳಿದವರು ಅದರ ಅರ್ಥ ಗ್ರಹಿಸುತ್ತಿದ್ದರು. ಹಾಗಾಗಿ ಇಂತಹ ಚಿತ್ರಗಳನ್ನು ನೋಡುವಾಗ ಯಾವ ಋತು, ಯಾವ ಸಸ್ಯ ಎಂಬುದಷ್ಟೇ ಅಲ್ಲ, ಕಲಾವಿದರು ಏನನ್ನು ಬಿಟ್ಟಿದ್ದಾರೆ ಎಂಬುದನ್ನೂ ಗಮನಿಸಬೇಕಾಗುತ್ತದೆ.