ಮುಪ್ಪು, ಕಾಯಿಲೆ ಮತ್ತು ಶಿಕ್ಷೆಯ ಪ್ರಮಾಣ

2022ರ ಮೇ ತಿಂಗಳಲ್ಲಿ ಆದಾಯ ಮೀರಿದ ಆಸ್ತಿ ಪ್ರಕರಣದಲ್ಲಿ ದೋಷಿಯಾದಾಗ ಹರಿಯಾಣದ ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌತಾಲಾ ಅವರಿಗೆ 87 ವರ್ಷ. ವಯಸ್ಸು, ಅನಾರೋಗ್ಯ, ಅಂಗವೈಕಲ್ಯ ನೋಡಿ ಕರುಣೆ ತೋರಬೇಕೆಂದು ಅವರ ವಕೀಲರು ದೆಹಲಿಯ ವಿಶೇಷ ನ್ಯಾಯಾಲಯವನ್ನು ಕೇಳಿಕೊಂಡರು. ಆ ಅಪರಾಧಕ್ಕೆ ಆಗಿನ ಕಾಯ್ದೆಯಲ್ಲಿ ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ ಜೈಲು. ನ್ಯಾಯಾಲಯ ವಿಧಿಸಿದ್ದು 4 ವರ್ಷ, ಜೊತೆಗೆ 50 ಲಕ್ಷ ರೂಪಾಯಿ ದಂಡ. ಅದೇ ವರ್ಷ ದೆಹಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಇಷ್ಟು ವಯಸ್ಸಾದವರಿಗೆ ಇಷ್ಟು ರಿಯಾಯಿತಿ ಎಂಬ ಲೆಕ್ಕ ನಮ್ಮ ಕಾನೂನಿನಲ್ಲಿಲ್ಲ. ಇರುವುದು ನ್ಯಾಯಾಧೀಶರ ವಿವೇಚನೆ. ಸೆಷನ್ಸ್ ನ್ಯಾಯಾಲಯ ಒಬ್ಬರನ್ನು ದೋಷಿ ಎಂದು ಘೋಷಿಸಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಅವರ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258ನೇ ಕಲಂ ಇದನ್ನು ಹೇಳುತ್ತದೆ. ಮುಪ್ಪಿನ ಮಾತು ಎತ್ತಬೇಕಾದದ್ದು ಆಗಲೇ. ಆದರೆ ‘ವಯಸ್ಸಾಗಿದೆ ಸ್ವಾಮಿ, ಬಿಪಿ, ಶುಗರ್ ಇದೆ’ ಎಂದರೆ ಸಾಲದು. ಆ ವಯಸ್ಸಿನಲ್ಲಿ ಅವು ಯಾರಿಗಿಲ್ಲ? ವಾರಕ್ಕೆ ಎಷ್ಟು ಸಲ ಡಯಾಲಿಸಿಸ್ ಬೇಕು, ಜೈಲು ಆಸ್ಪತ್ರೆಯಲ್ಲಿ ಆ ಸೌಲಭ್ಯ ಇದೆಯೇ, ಇನ್ನೊಬ್ಬರು ಹಿಡಿದುಕೊಳ್ಳದೆ ಶೌಚಾಲಯಕ್ಕೆ ಹೋಗಲು ಆಗುತ್ತದೆಯೇ ಎಂಬ ವಿವರಗಳಿಗೆ ತೂಕವಿದೆ. ಸರ್ಕಾರಿ ಆಸ್ಪತ್ರೆಯ ವೈದ್ಯರ ವರದಿ ಜೊತೆಗಿದ್ದರೆ ವಾದಕ್ಕೆ ಬಲ ಬರುತ್ತದೆ.

ಕಾಯ್ದೆಯೇ ಕನಿಷ್ಠ ಶಿಕ್ಷೆ ನಿಗದಿ ಮಾಡಿದ್ದರೆ ವಿಚಾರಣಾ ನ್ಯಾಯಾಲಯದ ಕೈ ಕಟ್ಟಿದಂತೆಯೇ. ಆದಾಯ ಮೀರಿದ ಆಸ್ತಿಗೆ ಈಗ ಕನಿಷ್ಠ 4 ವರ್ಷ. ಅಪರಾಧಿಗೆ ತೊಂಬತ್ತಾದರೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ. ಸಣ್ಣಪುಟ್ಟ ಅಪರಾಧಗಳಲ್ಲಿ 1958ರ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬಹುದು. ಗಲ್ಲು ಶಿಕ್ಷೆಯ ಪ್ರಶ್ನೆ ಬಂದಾಗ ವಯಸ್ಸನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ.

ಚೌತಾಲಾ ಪ್ರಕರಣದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದದ್ದು 2010ರಲ್ಲಿ, ಶಿಕ್ಷೆಯಾಗಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ನಮ್ಮಲ್ಲಿ ಎಷ್ಟೋ ಅಪರಾಧಿಗಳು ಮುದುಕರಾಗುವುದೇ ಕೋರ್ಟಿನ ಮೆಟ್ಟಿಲ ಮೇಲೆ. ಬೇಕೆಂದೇ ವಾಯಿದೆ ಕೇಳಿ ಕೇಳಿ ಕಾಲ ತಳ್ಳಿದವರು ಕೊನೆಗೆ ಮುಪ್ಪನ್ನೇ ಗುರಾಣಿ ಮಾಡಿಕೊಂಡರೆ ನ್ಯಾಯಾಲಯ ಮಣಿಯಬಾರದು ಎಂಬುದು ನನ್ನ ಅಭಿಪ್ರಾಯ. ಬಡ ಮುದುಕನ ಕೇಸು ಸುಮ್ಮನೆ ಕೊಳೆತಿದ್ದರೆ ಆ ಮಾತು ಬೇರೆ.

ಕಾಯಿಲೆಯ ವಾದ ಹೆಚ್ಚಾಗಿ ಫಲ ಕೊಡುವುದು ಶಿಕ್ಷೆಯಾದ ಮೇಲೆ. ಮೇಲ್ಮನವಿ ಹಾಕಿ, ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಂ ಅಡಿ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂದು ಕೇಳಬಹುದು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆಗಿನ ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರಿಗೆ 4 ವರ್ಷ ಶಿಕ್ಷೆ ವಿಧಿಸಿ ಪರಪ್ಪನ ಅಗ್ರಹಾರ ಜೈಲಿಗೆ ಕಳಿಸಿತು. ಕರ್ನಾಟಕ ಹೈಕೋರ್ಟ್ ಜಾಮೀನು ನಿರಾಕರಿಸಿತು. ಆರೋಗ್ಯದ ಕಾರಣವನ್ನೂ ಮುಂದಿಟ್ಟು ವಾದಿಸಿದ ಮೇಲೆ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿತು.

ಮೇಲ್ಮನವಿಯೂ ಬಿದ್ದುಹೋದರೆ ಉಳಿಯುವುದು ಪೆರೋಲ್ ಮತ್ತು ಸರ್ಕಾರದ ಮಾಫಿ. ಗಾಂಧೀಜಿಯ 150ನೇ ಜಯಂತಿಗೆಂದು 2018ರಲ್ಲಿ ಕೇಂದ್ರ ಪ್ರಕಟಿಸಿದ ವಿಶೇಷ ಮಾಫಿಯಲ್ಲಿ, ಅರ್ಧ ಶಿಕ್ಷೆ ಮುಗಿಸಿದ 60 ದಾಟಿದ ಗಂಡಸರು, 55 ದಾಟಿದ ಹೆಂಗಸರು ಅರ್ಹರಿದ್ದರು. ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಆಗಿದ್ದರೆ ಕನಿಷ್ಠ 14 ವರ್ಷ ಒಳಗಿರಲೇಬೇಕು. ಅದನ್ನು ಮೀರುವ ಅಧಿಕಾರ ಸಂವಿಧಾನದ 72 ಮತ್ತು 161ನೇ ವಿಧಿಯಡಿ ರಾಷ್ಟ್ರಪತಿ, ರಾಜ್ಯಪಾಲರ ಹೆಸರಿನಲ್ಲಿ ಸರ್ಕಾರಗಳಿಗಿದೆ.

ನಿಮ್ಮ ಮನೆಯ ಹಿರಿಯರೊಬ್ಬರು ಜೈಲಿನಲ್ಲಿದ್ದು, ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.